ಸೇವೆ ಮುಗಿಸಿ ಊರಿಗೆ ಬಂದವರು ಕೇಳುವ ಪ್ರಶ್ನೆಗಳು: ಉತ್ತರ ಕನ್ನಡದ ಸೈನಿಕರಿಗೆ, ಮಾಜಿ ಸೈನಿಕರಿಗೆ ಮತ್ತು ಅವರ ಮನೆಯವರಿಗೆ

ಕಾರವಾರ, ಅಂಕೋಲಾ, ಕುಮಟಾ ಕಡೆಯಿಂದ ಫೋನಿನಲ್ಲಿ, ಶಿರಸಿ-ಸಿದ್ದಾಪುರದ ಕಡೆಯಿಂದ ಪತ್ರದಲ್ಲಿ, ಮದುವೆ ಮನೆಗಳಲ್ಲಿ ಊಟದ ಪಂಕ್ತಿಯಲ್ಲಿ ಪಕ್ಕದವರಿಂದ ಮತ್ತೆ ಮತ್ತೆ ಬಂದ ಪ್ರಶ್ನೆಗಳಿವು. ಕೇಳಿದವರ ಮಾತಿನಲ್ಲೇ ಇಟ್ಟಿದ್ದೇನೆ. ಮೊತ್ತಗಳು ಆಗಾಗ ಪರಿಷ್ಕರಣೆಯಾಗುತ್ತವೆ, ಆದ್ದರಿಂದ ಅರ್ಜಿ ಹಾಕುವ ದಿನ ಜಾರಿಯಲ್ಲಿರುವ ಆದೇಶವೇ ಅಂತಿಮ.

## ಮೊದಲು ತಿಳಿಯಬೇಕಾದದ್ದು

ನಾನು ಹನ್ನೊಂದು ವರ್ಷ ಸೇವೆ ಮಾಡಿ, ಮನೆಯ ತಾಪತ್ರಯಕ್ಕೆ ಸ್ವಂತ ಕೋರಿಕೆಯ ಮೇಲೆ ಬಿಟ್ಟು ಬಂದೆ. ನಾನು ಮಾಜಿ ಸೈನಿಕ ಹೌದೋ ಅಲ್ಲವೋ?

ಊರವರ ಬಾಯಲ್ಲಿ ಹೌದು, ಕಾಗದದಲ್ಲಿ ಅಲ್ಲ. ಸಮವಸ್ತ್ರ ತೊಟ್ಟವರೆಲ್ಲ ನಿಯಮದ ಪ್ರಕಾರ ಮಾಜಿ ಸೈನಿಕರಾಗುವುದಿಲ್ಲ. ಮಾಜಿ ಸೈನಿಕರ ಮರುನೇಮಕಾತಿಗೆಂದು ಕೇಂದ್ರ ಸರ್ಕಾರ 1979ರಲ್ಲಿ ಮಾಡಿದ, ನಂತರ ತಿದ್ದುಪಡಿಯಾದ ನಿಯಮಗಳಲ್ಲಿ ಇದರ ವ್ಯಾಖ್ಯೆಯಿದೆ. ಭೂಸೇನೆ, ನೌಕಾಪಡೆ ಅಥವಾ ವಾಯುಪಡೆಯಿಂದ ಪಿಂಚಣಿ ಗಳಿಸಿ ಹೊರಬಂದವರು, ಸೇವೆಯಿಂದಾಗಿ ಬಂದ ಅನಾರೋಗ್ಯಕ್ಕೆ ಬಿಡುಗಡೆಯಾದವರು, ಹುದ್ದೆ ಕಡಿತದಲ್ಲಿ ಹೊರಬಂದವರು, ಒಪ್ಪಿಕೊಂಡ ಅವಧಿ ಮುಗಿಸಿ ಗ್ರಾಚ್ಯುಟಿ ಪಡೆದವರು ಇದರೊಳಗೆ ಬರುತ್ತಾರೆ. ಪಿಂಚಣಿಗೆ ಬೇಕಾದ ಸೇವೆ ಮುಗಿಸಿ ಸ್ವಂತ ಕೋರಿಕೆಯ ಮೇಲೆ ಬಂದರೂ ತೊಂದರೆಯಿಲ್ಲ. ಅದಕ್ಕೆ ಮೊದಲೇ ಬಂದರೆ ಇಲ್ಲ. ದುರ್ನಡತೆಗಾಗಿ ಹೊರಹಾಕಿಸಿಕೊಂಡವರೂ ಇಲ್ಲ. ಡಿಸ್ಚಾರ್ಜ್ ಪುಸ್ತಕದಲ್ಲಿ ಬಿಡುಗಡೆಯ ಕಾರಣವೆಂದು ಬರೆದಿರುವ ಒಂದು ಸಾಲೇ ನಿಮ್ಮ ಮುಂದಿನ ಎಲ್ಲ ಅರ್ಜಿಗಳ ಹಣೆಬರಹ. ಮೊದಲು ಅದನ್ನು ಓದಿ.

ಕೋಸ್ಟ್ ಗಾರ್ಡ್, ಬಿಎಸ್‌ಎಫ್, ಮರ್ಚೆಂಟ್ ನೇವಿ, ಎಲ್ಲರೂ ಒಂದೇ ಅಲ್ಲವೇ?

ಅಲ್ಲ. ನಮ್ಮ ಕರಾವಳಿಯಲ್ಲಿ ಒಂದೇ ಕೇರಿಯಲ್ಲಿ ಮೂವರೂ ಇರುವುದರಿಂದ ಈ ಗೊಂದಲ. ಮರ್ಚೆಂಟ್ ನೇವಿ ವ್ಯಾಪಾರಿ ಹಡಗಿನ ನೌಕರಿ, ಅದಕ್ಕೂ ರಕ್ಷಣಾ ಇಲಾಖೆಗೂ ಸಂಬಂಧವಿಲ್ಲ. ಬಿಎಸ್‌ಎಫ್, ಸಿಆರ್‌ಪಿಎಫ್ ಗೃಹ ಸಚಿವಾಲಯದ ಅಡಿಯಲ್ಲಿವೆ, ಅವರ ವಿದ್ಯಾರ್ಥಿವೇತನವೂ ಕ್ಯಾಂಟೀನೂ (ರಿಯಾಯಿತಿ ದರದ ಅಂಗಡಿ) ಬೇರೆ. ಕೋಸ್ಟ್ ಗಾರ್ಡ್ ರಕ್ಷಣಾ ಸಚಿವಾಲಯದ್ದೇ ಆದರೂ ಅಲ್ಲಿಂದ ನಿವೃತ್ತರಾದವರು ಮಾಜಿ ಸೈನಿಕರ ವ್ಯಾಖ್ಯೆಗೆ ಸೇರುವುದಿಲ್ಲ. ಇಸಿಎಚ್‌ಎಸ್ (ಮಾಜಿ ಸೈನಿಕರ ಆರೋಗ್ಯ ಯೋಜನೆ), ಪ್ರಧಾನಮಂತ್ರಿ ವಿದ್ಯಾರ್ಥಿವೇತನದಂತಹ ಕೆಲವು ಸೌಲಭ್ಯಗಳನ್ನು ಅವರಿಗೂ ವಿಸ್ತರಿಸಿದ್ದಾರೆ.

ಯಾವ ಕೆಲಸಕ್ಕೆ ಎಲ್ಲಿಗೆ ಹೋಗಬೇಕು? ಅರ್ಗಾದ ನೌಕಾನೆಲೆಗೋ, ಡಿಸಿ ಆಫೀಸಿಗೋ?

ದೇವಿಮನೆ ಘಟ್ಟ ಇಳಿದು ಒಂದು ಸಹಿಗಾಗಿ ಕಾರವಾರಕ್ಕೆ ಬಂದು, ತಪ್ಪು ಬಾಗಿಲು ತಟ್ಟಿ ಸಂಜೆಯ ಬಸ್ಸಿಗೆ ಹಿಂದಿರುಗುವವರು ಬಹಳ. ಗುರುತಿನ ಚೀಟಿ, ಅವಲಂಬಿತರ ಪ್ರಮಾಣಪತ್ರ, ಕೇಂದ್ರೀಯ ಸೈನಿಕ ಮಂಡಳಿಯ ಸಹಾಯಧನ, ವಿದ್ಯಾರ್ಥಿವೇತನದ ದೃಢೀಕರಣ ಇವೆಲ್ಲ ರಾಜ್ಯ ಸರ್ಕಾರದ ಸೈನಿಕ ಕಲ್ಯಾಣ ಮತ್ತು ಪುನರ್ವಸತಿ ಇಲಾಖೆಯ ಜಿಲ್ಲಾ ಕಚೇರಿಯ ಕೆಲಸ. ಪಿಂಚಣಿಯ ಹಣ ಬರುವುದು ಪ್ರಯಾಗರಾಜದ, ಅಂದರೆ ಹಳೆಯ ಅಲಹಾಬಾದಿನ, ರಕ್ಷಣಾ ಲೆಕ್ಕಪತ್ರ ಕಚೇರಿಯಿಂದ (ಪಿಸಿಡಿಎ), ‘ಸ್ಪರ್ಶ್’ ಎಂಬ ಆನ್‌ಲೈನ್ ವ್ಯವಸ್ಥೆಯ ಮೂಲಕ. ಸೇವಾ ದಾಖಲೆಯ ತಿದ್ದುಪಡಿ ನಿಮ್ಮ ರೆಕಾರ್ಡ್ ಆಫೀಸಿನದು: ಮರಾಠಾ ಲಘು ಪದಾತಿ ದಳದವರಿಗೆ ಬೆಳಗಾವಿ, ಮದ್ರಾಸ್ ಸ್ಯಾಪರ್ಸ್‌ನವರಿಗೆ ಬೆಂಗಳೂರು, ಬಾಂಬೆ ಸ್ಯಾಪರ್ಸ್‌ನವರಿಗೆ ಪುಣೆಯ ಖಡಕಿ, ನಾವಿಕರಿಗೆ ಮುಂಬಯಿಯ ಬ್ಯೂರೋ ಆಫ್ ಸೇಲರ್ಸ್. 2005ರಲ್ಲಿ ಕಾರ್ಯಾರಂಭ ಮಾಡಿದ ಐಎನ್‌ಎಸ್ ಕದಂಬ ನೌಕಾನೆಲೆ ನಮ್ಮ ಹೆಮ್ಮೆ ನಿಜ, ಆದರೆ ನಿಮ್ಮ ಪಿಂಚಣಿಯ ತಪ್ಪನ್ನು ಅಲ್ಲಿ ಯಾರೂ ತಿದ್ದಲಾರರು.

ಸೀಬರ್ಡ್ ನೌಕಾನೆಲೆ ಯೋಜನೆಗೆ ನಮ್ಮ ಜಮೀನು ಹೋಗಿದೆ. ನಮಗೂ ಈ ಸೌಲಭ್ಯಗಳು ಸಿಗುತ್ತವೆಯೇ?

ಇಲ್ಲ. ನಿರಾಶ್ರಿತರ ಪರಿಹಾರ, ಪುನರ್ವಸತಿ ನಿವೇಶನ, ಇವು ಭೂಸ್ವಾಧೀನಕ್ಕೆ ಸೇರಿದವು, ಕಂದಾಯ ಇಲಾಖೆಯ ಮೂಲಕ ನಡೆಯುತ್ತವೆ. ಮನೆಯಲ್ಲಿ ಒಬ್ಬರು ಸೇನೆಯಲ್ಲಿದ್ದರೆ ಎರಡೂ ಬೇರೆ ಬೇರೆ ಹಕ್ಕುಗಳಾಗಿ ಉಳಿಯುತ್ತವೆ. ಒಂದು ಸಿಕ್ಕಿತೆಂದು ಇನ್ನೊಂದು ತಪ್ಪುವುದಿಲ್ಲ.

## ಪಿಂಚಣಿ

ಪಿಂಚಣಿಗೆ ಎಷ್ಟು ವರ್ಷ ಸೇವೆ ಬೇಕು? ಎಷ್ಟು ಬರುತ್ತದೆ?

ಜವಾನರು, ನಾವಿಕರು ಮತ್ತು ಜೆಸಿಒಗಳಿಗೆ (ಸುಬೇದಾರರಂಥ ಕಿರಿಯ ಅಧಿಕಾರಿಗಳು) 15 ವರ್ಷ, ಅಧಿಕಾರಿಗಳಿಗೆ 20 ವರ್ಷ. ಪಿಂಚಣಿಯು ಕೊನೆಯ ವೇತನದ ಅರ್ಧ. ಕನಿಷ್ಠ ಪಿಂಚಣಿ ತಿಂಗಳಿಗೆ 9,000 ರೂಪಾಯಿ, ಅದರ ಮೇಲೆ ತುಟ್ಟಿಭತ್ಯೆ. ನಿವೃತ್ತಿಯ ಹೊತ್ತಿಗೆ ಪಿಂಚಣಿಯ ಅರ್ಧದವರೆಗೆ ಮುಂಗಡವಾಗಿ ಇಡಿಗಂಟಿನಲ್ಲಿ ಪಡೆಯಬಹುದು. ಆ ಭಾಗ 15 ವರ್ಷಗಳ ನಂತರ ಮತ್ತೆ ಸೇರುತ್ತದೆ. ಸೇರಿತೋ ಇಲ್ಲವೋ ಎಂದು ಆ ತಿಂಗಳ ಪಿಂಚಣಿ ಚೀಟಿಯನ್ನು ತೆಗೆದು ನೋಡುವವರು ಮಾತ್ರ ಕಡಿಮೆ.

ಒಂದು ಶ್ರೇಣಿ ಒಂದು ಪಿಂಚಣಿ ಎಂದರೆ ಪ್ರತಿ ವರ್ಷ ಹೆಚ್ಚಾಗುತ್ತದೆಯೇ?

ಇಲ್ಲ, ಐದು ವರ್ಷಕ್ಕೊಮ್ಮೆ. 2015ರ ನವೆಂಬರ್ 7ರ ಆದೇಶ 2014ರ ಜುಲೈ 1ರಿಂದ ಅನ್ವಯವಾಯಿತು. ನಂತರ 2019ರ ಮತ್ತು 2024ರ ಜುಲೈ 1ರಿಂದ ಪರಿಷ್ಕರಣೆಯಾಗಿದೆ. ಇದಕ್ಕೆ ಅರ್ಜಿ ಬೇಡ. ‘ಓಆರ್‌ಒಪಿ ಅರ್ಜಿ ತುಂಬಿಕೊಡುತ್ತೇನೆ’ ಎಂದು ಯಾರಾದರೂ ದುಡ್ಡು ಕೇಳಿದರೆ ಚಹಾ ಕೊಟ್ಟು ಕಳಿಸಿಬಿಡಿ.

ನವೆಂಬರ್‌ನಲ್ಲಿ ಜೀವಿತ ಪ್ರಮಾಣಪತ್ರ ಕೊಟ್ಟಿದ್ದೇನೆ, ರಸೀದಿಯೂ ಇದೆ. ಆದರೂ ಪಿಂಚಣಿ ನಿಂತಿದೆ. ಏಕೆ?

ಹೆಚ್ಚಿನ ಸಲ ಪ್ರಮಾಣಪತ್ರ ತಪ್ಪು ಕಚೇರಿಗೆ ಹೋಗಿರುತ್ತದೆ. ಜೀವನ್ ಪ್ರಮಾಣ್ ಮಾಡುವಾಗ ಪಿಂಚಣಿ ಮಂಜೂರು ಮಾಡಿದವರು ಯಾರು, ವಿತರಿಸುವವರು ಯಾರು ಎಂದು ಎರಡು ಕಡೆ ಆರಿಸಬೇಕು. ಮೊದಲು ಬ್ಯಾಂಕೇ ಪಿಂಚಣಿ ವಿತರಿಸುತ್ತಿತ್ತು, ಈಗ ಬ್ಯಾಂಕು ಬರೀ ಖಾತೆ ಇಟ್ಟುಕೊಂಡಿದೆ. ಸೇವಾ ಕೇಂದ್ರದ ಹುಡುಗ ಹಳೆಯ ರೂಢಿಯಲ್ಲಿ ವಿತರಿಸುವವರ ಜಾಗದಲ್ಲಿ ಬ್ಯಾಂಕಿನ ಹೆಸರು ಆರಿಸಿದರೆ ಪರದೆಯ ಮೇಲೆ ಎಲ್ಲವೂ ಸರಿಯೆಂದೇ ಬರುತ್ತದೆ, ರಸೀದಿಯೂ ಬರುತ್ತದೆ, ಸ್ಪರ್ಶ್‌ಗೆ ಮಾತ್ರ ಏನೂ ತಲುಪುವುದಿಲ್ಲ. ಸ್ಪರ್ಶ್‌ಗೆ ವರ್ಗವಾದವರು ವಿತರಿಸುವವರೆಂದು ‘ಸ್ಪರ್ಶ್ – ಪಿಸಿಡಿಎ ಪೆನ್ಷನ್ಸ್ ಅಲಹಾಬಾದ್’ ಎಂಬುದನ್ನೇ ಆರಿಸಬೇಕು. ಪಿಪಿಒ (ಪಿಂಚಣಿ ಪಾವತಿ ಆದೇಶ) ಸಂಖ್ಯೆಯೂ ಹಳೆಯದಲ್ಲ, ಸ್ಪರ್ಶ್ ಕೊಟ್ಟ ಹೊಸದು.

ಇನ್ನೊಂದು ತೊಡಕು ಬೆರಳಚ್ಚಿನದು. ಘಟ್ಟದ ಮೇಲೆ ಅಡಿಕೆ ಸುಲಿದು, ಕೆಳಗೆ ಬಲೆ ಎಳೆದು ಬೆರಳು ಸವೆದವರಿಗೆ ಯಂತ್ರ ನಾಲ್ಕಾರು ಸಲ ‘ಇಲ್ಲ’ ಎನ್ನುತ್ತದೆ. ಅಂಥವರು ಮೊಬೈಲಿನಲ್ಲಿ ಮುಖ ತೋರಿಸಿ ಮಾಡುವ ದೃಢೀಕರಣ ಬಳಸಬಹುದು. ಹಾಸಿಗೆ ಹಿಡಿದವರಿದ್ದರೆ ಪೋಸ್ಟ್‌ಮ್ಯಾನ್‌ಗೆ ಹೇಳಿ, ಅಂಚೆ ಪಾವತಿ ಬ್ಯಾಂಕಿನ ಮೂಲಕ ಸಣ್ಣ ಶುಲ್ಕಕ್ಕೆ ಮನೆಗೇ ಬಂದು ಮಾಡುತ್ತಾರೆ. ಮುಂದಿನ ಗುರುತಿನ ದಿನಾಂಕ ಸ್ಪರ್ಶ್ ಖಾತೆಯಲ್ಲೇ ಕಾಣುತ್ತದೆ. ಅದು ಬದಲಾಗಿದ್ದರೆ ಮಾತ್ರ ಕೆಲಸ ಆಯಿತೆಂದು ನಂಬಿ.

ಪಿಪಿಒದಲ್ಲಿ ಹೆಂಡತಿಯ ಹೆಸರು ಒಂದು, ಆಧಾರ್‌ನಲ್ಲಿ ಇನ್ನೊಂದು. ಈಗಲೇ ತಿದ್ದಿಸಬೇಕೇ? ನಾನು ಗಟ್ಟಿಯಾಗಿಯೇ ಇದ್ದೇನಲ್ಲ?

ಗಟ್ಟಿಯಾಗಿರುವಾಗಲೇ ತಿದ್ದಿಸಬೇಕು. ಈ ಜಿಲ್ಲೆಯಲ್ಲಿ ಕುಟುಂಬ ಪಿಂಚಣಿ ತಡೆಯುವುದು ಯಾವ ಅಧಿಕಾರಿಯ ಕಲ್ಲುಮನಸ್ಸೂ ಅಲ್ಲ, ಈ ಹೆಸರಿನ ಗಂಟು. ನಮ್ಮ ಕೊಂಕಣಿ ಮನೆಗಳಲ್ಲಿ ಮದುವೆಯ ದಿನವೇ ವಧುವಿಗೆ ಹೊಸ ಹೆಸರಿಡುವ ಪದ್ಧತಿ ಇತ್ತು, ಕೆಲವೆಡೆ ಇನ್ನೂ ಇದೆ. ತವರಿನಲ್ಲಿ ಸುಮನ್ ಆಗಿದ್ದವರು ಗಂಡನ ಮನೆಯಲ್ಲಿ ಲಕ್ಷ್ಮೀ. ಶಾಲೆಯ ದಾಖಲೆಯಲ್ಲಿ ತವರಿನ ಹೆಸರು, ಪಡಿತರ ಚೀಟಿಯಲ್ಲಿ ಗಂಡನ ಮನೆಯ ಹೆಸರು, ರಜೆಯಲ್ಲಿ ಬಂದ ಗಂಡ ಪಲ್ಟನ್ನಿಗೆ ಹಿಂದಿರುಗಿ ಬರೆಸಿದ್ದು ಕರೆಯುವ ಹೆಸರು. ಅದನ್ನು ಹಿಂದಿಯ ಕ್ಲರ್ಕ್ ಕೇಳಿಸಿಕೊಂಡಂತೆ ಬರೆದುಕೊಂಡ. ಹವ್ಯಕರಲ್ಲಿ ಹೆಗಡೆ ಒಮ್ಮೆ ಇರುತ್ತದೆ, ಒಮ್ಮೆ ಇರುವುದಿಲ್ಲ. ನಾಯ್ಕ, ನಾಯಕ, ನಾಯಕ್ ಎಂಬ ಮೂರು ರೂಪಗಳಲ್ಲಿ ಎಷ್ಟು ಪಿಂಚಣಿ ಸಿಕ್ಕಿಕೊಂಡಿವೆಯೋ ದೇವರೇ ಬಲ್ಲ.

ಕೆಲಸ ಹೀಗೆ ಸಾಗುತ್ತದೆ. ಮೊದಲು ಎಲ್ಲ ದಾಖಲೆಗಳನ್ನು ಮೇಜಿನ ಮೇಲೆ ಹರಡಿ ಯಾವ ರೂಪವನ್ನು ಉಳಿಸಿಕೊಳ್ಳಬೇಕೆಂದು ತೀರ್ಮಾನಿಸಿ. ಸುಲಭವಾಗಿ ಬದಲಾಗುವುದು ಆಧಾರ್, ಕಷ್ಟದಲ್ಲಿ ಬದಲಾಗುವುದು ಸೇವಾ ದಾಖಲೆ. ಒಂದೆರಡು ಅಕ್ಷರದ ವ್ಯತ್ಯಾಸವಾದರೆ ಆಧಾರ್, ಪಾನ್, ಬ್ಯಾಂಕ್ ಖಾತೆಯನ್ನೇ ಪಿಪಿಒಗೆ ಹೊಂದಿಸುವುದು ಜಾಣತನ. ಹೆಸರೇ ಬೇರೆಯಾಗಿದ್ದರೆ ಅಫಿಡವಿಟ್, ಮದುವೆಯ ದಾಖಲೆ, ಇಬ್ಬರೂ ಕೂಡಿದ ಫೋಟೊ ಇತ್ಯಾದಿಗಳೊಂದಿಗೆ ರೆಕಾರ್ಡ್ ಆಫೀಸಿಗೆ ಬರೆಯಬೇಕು. ಅಲ್ಲಿ ತಿದ್ದುಪಡಿಯ ಆದೇಶ ಹೊರಟು, ನಂತರ ಪಿಪಿಒ ತಿದ್ದುಪಡಿಯಾಗುತ್ತದೆ. ಹುಟ್ಟಿದ ದಿನಾಂಕವನ್ನೂ ಇದೇ ಹೊತ್ತಿನಲ್ಲಿ ನೋಡಿಕೊಳ್ಳಿ. 80 ದಾಟಿದ ಮೇಲೆ ಸಿಗುವ ಹೆಚ್ಚುವರಿ ಪಿಂಚಣಿ ಅದರ ಮೇಲೆಯೇ ನಿಂತಿದೆ. ಮದುವೆ, ಮಕ್ಕಳ ಜನನ ದಾಖಲಾಗದೇ ಉಳಿದಿದ್ದರೆ ಅದಕ್ಕೂ ದಾರಿ ಇದೇ.

ನಮ್ಮ ಯಜಮಾನರು ತೀರಿಕೊಂಡರು. ಅವರ ಪಿಂಚಣಿ ಖಾತೆಗೆ ಇನ್ನೂ ಹಣ ಬರುತ್ತಿದೆ. ತೆಗೆಯಬಹುದೇ?

ತೆಗೆಯಬೇಡಿ ತಾಯಿ. ನಿಧನದ ನಂತರ ಬಂದ ಪಿಂಚಣಿಯನ್ನು ಸರ್ಕಾರ ಲೆಕ್ಕ ಹಾಕಿ ವಾಪಸ್ ಪಡೆಯುತ್ತದೆ, ಅದೂ ನಿಮಗೆ ಬರಬೇಕಾದ ಬಾಕಿಯಿಂದಲೇ. ಪಂಚಾಯತಿ ಅಥವಾ ಪುರಸಭೆಯಿಂದ ಮರಣ ಪ್ರಮಾಣಪತ್ರ ಬಂದ ಕೂಡಲೇ ಸ್ಪರ್ಶ್‌ನಲ್ಲಿ ಮರಣ ವರದಿ ಮಾಡಿ, ಬ್ಯಾಂಕಿಗೂ ರೆಕಾರ್ಡ್ ಆಫೀಸಿಗೂ ತಿಳಿಸಿ. ನಿಮ್ಮ ಹೆಸರು ಪಿಪಿಒದಲ್ಲಿದ್ದು ಆಧಾರ್, ಪಾನ್ ಹೊಂದಿಕೆಯಾದರೆ ಮುಂದಿನದು ಸಲೀಸು.

ಸಾಮಾನ್ಯ ಕುಟುಂಬ ಪಿಂಚಣಿ ಕೊನೆಯ ವೇತನದ ಶೇಕಡಾ 30. ನಿವೃತ್ತರು ತೀರಿಕೊಂಡರೆ ಮೊದಲ ಏಳು ವರ್ಷ ಅಥವಾ ಅವರಿಗೆ 67 ತುಂಬುತ್ತಿದ್ದ ದಿನದವರೆಗೆ, ಯಾವುದು ಮೊದಲೋ ಅಲ್ಲಿಯವರೆಗೆ, ಹೆಚ್ಚಿನ ದರ ಸಿಗುತ್ತದೆ. ಸೇವೆಯಲ್ಲಿದ್ದಾಗಲೇ, ಸೇವೆಯ ಕಾರಣಕ್ಕೆ ತೀರಿಕೊಂಡರೆ ವಿಶೇಷ ಕುಟುಂಬ ಪಿಂಚಣಿ ಶೇಕಡಾ 60. ಯುದ್ಧ ಅಥವಾ ಅಂಥ ಕಾರ್ಯಾಚರಣೆಯಲ್ಲಿ ವೀರಮರಣವಾದರೆ ಉದಾರೀಕೃತ ಪಿಂಚಣಿ, ಅಂದರೆ ಪೂರ್ತಿ ವೇತನದಷ್ಟು. ಪತ್ನಿಯ ನಂತರ ಮಗನಿಗೆ 25 ವರ್ಷದವರೆಗೆ. ಅವಿವಾಹಿತ, ವಿಧವೆ ಅಥವಾ ವಿಚ್ಛೇದಿತ ಮಗಳಿಗೂ ಷರತ್ತಿನ ಮೇಲೆ ಹಕ್ಕಿದೆ.

ಯಜಮಾನರ ಕಾಗದಗಳನ್ನು ಇಟ್ಟ ಟ್ರಂಕಿನ ಬೀಗದ ಕೈ ಎಲ್ಲಿದೆ ಎಂಬುದು ಎಷ್ಟೋ ಮನೆಗಳಲ್ಲಿ ಹೆಂಡತಿಗೆ ಗೊತ್ತಿರುವುದಿಲ್ಲ. ಪಾಸ್‌ಬುಕ್ಕನ್ನು ಮುಟ್ಟಲು ಬಿಡದ ಸುಬೇದಾರರು ಇದನ್ನು ಓದುತ್ತಿದ್ದರೆ, ಇಂದೇ ಆಕೆಯನ್ನು ಕೂರಿಸಿಕೊಂಡು ಪಿಪಿಒ, ಡಿಸ್ಚಾರ್ಜ್ ಪುಸ್ತಕ, ಸ್ಪರ್ಶ್‌ನ ಬಳಕೆದಾರ ಹೆಸರು, ಗುಂಪು ವಿಮೆಯ ಕಾಗದ ಇವನ್ನು ತೋರಿಸಿಕೊಡಿ. ಖಾತೆಯನ್ನು ಇಬ್ಬರ ಹೆಸರಿಗೂ ಮಾಡಿಸಿ.

## ಆಸ್ಪತ್ರೆ, ಕ್ಯಾಂಟೀನ್, ಟೋಲ್

ಇಸಿಎಚ್‌ಎಸ್ ಕಾರ್ಡ್ ಇದೆ. ರಾತ್ರಿ ಎದೆನೋವು ಬಂದರೆ ಮೊದಲು ಪಾಲಿಕ್ಲಿನಿಕ್‌ನಿಂದ ಚೀಟಿ ತರಬೇಕೇ?

ಬೇಡ. ಜೀವ ಉಳಿಸುವುದು ಮೊದಲು, ಚೀಟಿ ನಂತರ. 2003ರ ಏಪ್ರಿಲ್‌ನಲ್ಲಿ ಆರಂಭವಾದ ಈ ಯೋಜನೆಯಲ್ಲಿ ಮಾಮೂಲಿ ದಾರಿ ಎಂದರೆ ಪಾಲಿಕ್ಲಿನಿಕ್, ಅಲ್ಲಿಂದ ಶಿಫಾರಸು, ನಂತರ ನೋಂದಾಯಿತ ಆಸ್ಪತ್ರೆಯಲ್ಲಿ ನಗದುರಹಿತ ಚಿಕಿತ್ಸೆ. ತುರ್ತಿನಲ್ಲಿ ಆ ದಾರಿ ಬಿಟ್ಟು ನೇರವಾಗಿ ಹೋಗಬಹುದು. ನೋಂದಾಯಿತವಲ್ಲದ ಆಸ್ಪತ್ರೆಗೆ ಹೋಗಬೇಕಾಗಿ ಬಂದರೂ 48 ಗಂಟೆಯೊಳಗೆ ಹತ್ತಿರದ ಪಾಲಿಕ್ಲಿನಿಕ್‌ಗೆ ತಿಳಿಸಿದರೆ ಖರ್ಚನ್ನು ನಂತರ ಮರಳಿ ಕೇಳಬಹುದು. ಆದರೆ ಮರಳುವುದು ಸರ್ಕಾರಿ ದರದಲ್ಲಿ. ಆಸ್ಪತ್ರೆಯ ಬಿಲ್ಲಿಗೂ ಅದಕ್ಕೂ ಅಂತರ ದೊಡ್ಡದಿರಬಹುದು.

ನಮ್ಮ ಜಿಲ್ಲೆಯವರಿಗೆ ಈ ಅಂತರ ಬರೀ ಲೆಕ್ಕದ ಮಾತಲ್ಲ. ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಬೇಕೆಂದು ಜಿಲ್ಲೆ ವರ್ಷಗಳಿಂದ ಕೂಗುತ್ತಿದೆ. ಹೃದಯ, ಮಿದುಳು ಎಂದರೆ ಮಣಿಪಾಲ, ಮಂಗಳೂರು, ಹುಬ್ಬಳ್ಳಿ ಅಥವಾ ಗೋವಾ. ಆದ್ದರಿಂದ ನಿಮ್ಮ ಊರಿನಿಂದ ಆಂಬುಲೆನ್ಸ್ ಯಾವ ದಿಕ್ಕಿಗೆ ಹೊರಡುತ್ತದೆ, ಆ ದಿಕ್ಕಿನಲ್ಲಿ ನೋಂದಾಯಿತ ಆಸ್ಪತ್ರೆ ಯಾವುದು ಎಂದು ಆರೋಗ್ಯವಾಗಿರುವಾಗಲೇ ವಿಚಾರಿಸಿ ಗೋಡೆಗೆ ಅಂಟಿಸಿಡಿ. ನೋಂದಣಿಯ ಪಟ್ಟಿ ಬದಲಾಗುತ್ತಿರುತ್ತದೆ, ಕಳೆದ ವರ್ಷದ ಪಟ್ಟಿಯನ್ನು ನಂಬಬೇಡಿ. ಕಾರವಾರದಲ್ಲಿ ನೌಕಾಪಡೆಯ ಐಎನ್‌ಎಚ್‌ಎಸ್ ಪತಂಜಲಿ ಆಸ್ಪತ್ರೆ ಇದೆ.

ಅಪ್ಪ-ಅಮ್ಮನನ್ನೂ ಇಸಿಎಚ್‌ಎಸ್‌ಗೆ ಸೇರಿಸಬಹುದೇ?

ಅವರು ನಿಮ್ಮ ಮೇಲೆ ಅವಲಂಬಿತರಾಗಿದ್ದು, ಇಬ್ಬರ ಒಟ್ಟು ಆದಾಯ ತಿಂಗಳಿಗೆ 9,000 ರೂಪಾಯಿ ಮತ್ತು ಅದರ ಮೇಲಿನ ತುಟ್ಟಿಭತ್ಯೆಯ ಮಿತಿಯೊಳಗಿದ್ದರೆ ಸಾಧ್ಯ. ತೋಟದ ಆದಾಯವೂ ಆದಾಯವೇ. ಪಹಣಿಯಲ್ಲಿ ಅಪ್ಪನ ಹೆಸರಿಗೆ ಎರಡು ಎಕರೆ ಅಡಿಕೆ ಇಟ್ಟುಕೊಂಡು ಅವಲಂಬಿತರೆಂದು ಬರೆಯುವ ಮೊದಲು ಯೋಚಿಸಿ. ಮಗ 25 ವರ್ಷದವರೆಗೆ ಅಥವಾ ದುಡಿಯತೊಡಗುವವರೆಗೆ, ಮಗಳು ಮದುವೆ ಅಥವಾ ಉದ್ಯೋಗದವರೆಗೆ.

ಮಾಜಿ ಸೈನಿಕರಿಗೆ ಹೆದ್ದಾರಿ ಟೋಲ್ ಇಲ್ಲವಂತೆ. ಹಟ್ಟಿಕೇರಿಯಲ್ಲಿ ನನ್ನಿಂದ ವಸೂಲಿ ಮಾಡಿದರು. ದೂರು ಕೊಡಲೇ?

ಕೊಡಬೇಡಿ, ಅವರು ಮಾಡಿದ್ದು ಸರಿ. ಹಟ್ಟಿಕೇರಿಯಾಗಲಿ, ಹೊಳೆಗದ್ದೆಯಾಗಲಿ, ನಿವೃತ್ತರಿಗೆ ವಿನಾಯಿತಿ ಇಲ್ಲ. 1901ರ ಟೋಲ್ ಕಾಯ್ದೆಯ ರಿಯಾಯಿತಿ ಕರ್ತವ್ಯದಲ್ಲಿರುವವರಿಗೆ. ಪರಮವೀರ ಚಕ್ರ, ಅಶೋಕ ಚಕ್ರ, ಮಹಾವೀರ ಚಕ್ರ, ಕೀರ್ತಿ ಚಕ್ರ, ವೀರ ಚಕ್ರ, ಶೌರ್ಯ ಚಕ್ರ ಪಡೆದವರಿಗೆ ಮಾತ್ರ ಗುರುತಿನ ಚೀಟಿ ತೋರಿಸಿದರೆ ವಿನಾಯಿತಿ. ಚೆಂಡಿಯಾದಲ್ಲಿ ಹುಟ್ಟಿದ ಮೇಜರ್ ರಾಮ ರಾಘೋಬ ರಾಣೆ 1948ರಲ್ಲಿ ಗಳಿಸಿದ ಪರಮವೀರ ಚಕ್ರದಂಥ ಪದಕ ಎದೆಯ ಮೇಲಿದ್ದರೆ ದಾರಿ ಬಿಡುತ್ತಾರೆ. ಉಳಿದವರು ಫಾಸ್ಟ್‌ಟ್ಯಾಗ್ ತುಂಬಿಸಿಕೊಳ್ಳುವುದೇ ಕ್ಷೇಮ.

ಕ್ಯಾಂಟೀನ್ ಕಾರ್ಡನ್ನು ಭಾವನಿಗೆ ಕೊಡಬಹುದೇ?

ಕೊಡಬಾರದು. ಸಿಕ್ಕಿಬಿದ್ದರೆ ಕಾರ್ಡ್ ರದ್ದಾಗುವುದು ನಿಮ್ಮದು.

## ಮಕ್ಕಳ ಓದು, ಮದುವೆ, ಉದ್ಯೋಗ

ಮಗಳಿಗೆ ಇಂಜಿನಿಯರಿಂಗ್ ಸೀಟು ಸಿಕ್ಕಿದೆ, ಮಗ ಒಂಬತ್ತನೆಯ ತರಗತಿ. ಯಾರಿಗೆ ಯಾವ ಸಹಾಯ?

ಮಗಳಿಗೆ ಪ್ರಧಾನಮಂತ್ರಿ ವಿದ್ಯಾರ್ಥಿವೇತನ: ಹುಡುಗಿಯರಿಗೆ ತಿಂಗಳಿಗೆ 3,000, ಹುಡುಗರಿಗೆ 2,500 ರೂಪಾಯಿ. ಪಿಯುಸಿ ಅಥವಾ ಡಿಪ್ಲೊಮಾದಲ್ಲಿ ಶೇಕಡಾ 60 ಬೇಕು, ಮೊದಲ ವೃತ್ತಿಪರ ಪದವಿಯ ಮೊದಲ ವರ್ಷದಲ್ಲೇ ಅರ್ಜಿ ಹಾಕಬೇಕು. ಇಂಜಿನಿಯರಿಂಗ್, ವೈದ್ಯಕೀಯ, ಬಿ.ಎಡ್., ಬಿಸಿಎ, ಬಿಬಿಎ ಎಲ್ಲವೂ ಸೇರುತ್ತವೆ, ಬರೀ ಬಿ.ಎ., ಬಿ.ಕಾಂ. ಸೇರುವುದಿಲ್ಲ. ವರ್ಷಕ್ಕೆ ದೇಶದಲ್ಲಿ 5,500 ಮಂದಿಗೆ ಮಾತ್ರ, ಆದ್ದರಿಂದ ಅಂಕ ಮುಖ್ಯ.

ಮಗನಿಗೆ ರಕ್ಷಣಾ ಮಂತ್ರಿಗಳ ಕಲ್ಯಾಣ ನಿಧಿಯ ಶಿಕ್ಷಣ ಸಹಾಯಧನ. ಇದು ಹವಾಲ್ದಾರ್ ಅಥವಾ ಅದಕ್ಕೆ ಸಮಾನ ದರ್ಜೆಯವರೆಗಿನವರ ಇಬ್ಬರು ಮಕ್ಕಳಿಗೆ, ಒಂದನೆಯ ತರಗತಿಯಿಂದ ಪದವಿಯವರೆಗೆ. 2025ರ ನವೆಂಬರ್ 1ರಿಂದ ಸಲ್ಲಿಸುವ ಅರ್ಜಿಗಳಿಗೆ ತಲಾ ತಿಂಗಳಿಗೆ 2,000 ರೂಪಾಯಿ, ಮೊದಲು ಇದರ ಅರ್ಧವಿತ್ತು. ಬೇರೆಡೆಯಿಂದ ವಿದ್ಯಾರ್ಥಿವೇತನ ಪಡೆಯುತ್ತಿಲ್ಲವೆಂದು ಬರೆದುಕೊಡಬೇಕು. ಸಿಇಟಿಯಲ್ಲಿ ಸೈನಿಕರ ಮಕ್ಕಳಿಗೆ ವಿಶೇಷ ಪ್ರವರ್ಗವಿದೆ, ಅದನ್ನು ಅರ್ಜಿ ತುಂಬುವಾಗಲೇ ಗುರುತಿಸಬೇಕು. ಫಲಿತಾಂಶದ ನಂತರ ನೆನಪಾದರೆ ಪ್ರಯೋಜನವಿಲ್ಲ.

ನನಗೆ ಪಿಂಚಣಿಯೇ ಇಲ್ಲ, ವಯಸ್ಸು 70. ನನಗೇನೂ ಇಲ್ಲವೇ?

ಇದೆ. ಪಿಂಚಣಿಯಿಲ್ಲದ, 65 ದಾಟಿದ ಮಾಜಿ ಸೈನಿಕರು ಮತ್ತು ಅಂಥವರ ವಿಧವೆಯರಿಗೆ ಅದೇ ಕಲ್ಯಾಣ ನಿಧಿಯಿಂದ ಬಡತನ ಸಹಾಯಧನ ಸಿಗುತ್ತದೆ. ಇದೂ ಹವಾಲ್ದಾರ್ ದರ್ಜೆಯವರೆಗೆ. ತಿಂಗಳಿಗೆ 4,000 ಇದ್ದದ್ದು ಅದೇ ನವೆಂಬರ್‌ನಿಂದ 8,000 ಆಗಿದೆ. ಮಗಳ ಮದುವೆಯ ಸಹಾಯಧನವೂ 50,000ದಿಂದ ಒಂದು ಲಕ್ಷಕ್ಕೆ ಏರಿದೆ, ಇಬ್ಬರು ಹೆಣ್ಣುಮಕ್ಕಳವರೆಗೆ. ಮೇಲೆ ಹೇಳಿದ ವ್ಯಾಖ್ಯೆಯೊಳಗೆ ನೀವು ಬರುತ್ತೀರೆಂಬುದು ಮಾತ್ರ ಖಚಿತವಾಗಬೇಕು.

ನಿವೃತ್ತಿಗೆ 39 ವರ್ಷ. ಸರ್ಕಾರಿ ಕೆಲಸಕ್ಕೆ ವಯಸ್ಸು ಮೀರಿದೆಯಲ್ಲ?

ಮೀರಿಲ್ಲ. ನಿಮ್ಮ ವಯಸ್ಸಿನಿಂದ ಸೇವಾವಧಿಯನ್ನು ಕಳೆದು, ಇನ್ನೂ ಮೂರು ವರ್ಷದ ರಿಯಾಯಿತಿ ಸೇರಿಸಿ ಲೆಕ್ಕ ಹಾಕುತ್ತಾರೆ. ಕೇಂದ್ರದ ಸಿ ವರ್ಗದ ಹುದ್ದೆಗಳಲ್ಲಿ ಶೇಕಡಾ 10, ಬ್ಯಾಂಕ್ ಮತ್ತು ಸಾರ್ವಜನಿಕ ಉದ್ದಿಮೆಗಳ ಸಿ ವರ್ಗದಲ್ಲಿ ಶೇಕಡಾ 14.5 ಮೀಸಲು. ರಾಜ್ಯದ ನೇಮಕಾತಿಯಲ್ಲೂ ಮಾಜಿ ಸೈನಿಕರ ಮೀಸಲಾತಿ ಇದೆ. ಜಾಗ ಖಾಲಿ ಉಳಿಯುವುದು ಹೆಚ್ಚಾಗಿ ಪರೀಕ್ಷೆಯ ಕನ್ನಡ ಪತ್ರಿಕೆಯಲ್ಲಿ ಎಡವುವುದರಿಂದ. ಹದಿನೇಳು ವರ್ಷ ಹಿಂದಿಯಲ್ಲೇ ಬದುಕಿದವರು ಬರೆಯುವ ಅಭ್ಯಾಸವನ್ನು ನಿವೃತ್ತಿಗೆ ವರ್ಷವಿರುವಾಗಲೇ ಶುರುಮಾಡಿ.

## ತೊಡಕಿನ ಪ್ರಶ್ನೆಗಳು

ಮಗ ಅಗ್ನಿವೀರ. ನಾಲ್ಕು ವರ್ಷದ ನಂತರ ಅವನಿಗೂ ಇದೆಲ್ಲ ಸಿಗುತ್ತದೆಯೇ?

2022ರ ಜೂನ್‌ನಲ್ಲಿ ಬಂದ ಯೋಜನೆಯ ಷರತ್ತಿನಲ್ಲೇ ಇದಕ್ಕೆ ಉತ್ತರವಿದೆ: ಪಿಂಚಣಿ ಇಲ್ಲ, ಗ್ರಾಚ್ಯುಟಿ ಇಲ್ಲ, ಮಾಜಿ ಸೈನಿಕ ಸ್ಥಾನ, ಇಸಿಎಚ್‌ಎಸ್, ಕ್ಯಾಂಟೀನ್ ಯಾವುದೂ ಇಲ್ಲ. ಸಿಗುವುದು ಸೇವಾ ನಿಧಿ, ಬಡ್ಡಿ ಸೇರಿ ಸುಮಾರು 11.71 ಲಕ್ಷ, ತೆರಿಗೆಯಿಲ್ಲ. ಜೊತೆಗೆ ಕೌಶಲ ಪ್ರಮಾಣಪತ್ರ, ಸೇವೆಯಲ್ಲಿರುವಷ್ಟು ಕಾಲ 48 ಲಕ್ಷದ ವಿಮೆ. ಶೇಕಡಾ 25ರವರೆಗಿನವರನ್ನು ಖಾಯಂ ಸೇವೆಗೆ ತೆಗೆದುಕೊಳ್ಳುತ್ತಾರೆ. ಅವರಿಗೆ ಮುಂದೆ ಎಲ್ಲವೂ ಮಾಮೂಲಿಯಂತೆ. ಹೊರಬರುವ ಮಗನ ಸೇವಾ ನಿಧಿಯ ಮೇಲೆ ಕಣ್ಣಿಟ್ಟಿರುವ ನೆಂಟರಿಗಿಂತ ಮೊದಲು ನೀವೇ ಅವನೊಂದಿಗೆ ಕೂತು ಮಾತನಾಡಿ.

ಸೇವೆಯಲ್ಲಿದ್ದಾಗ ಕಾಲಿಗೆ ಪೆಟ್ಟಾಗಿತ್ತು. ಆಗ ಶೇಕಡಾ 30 ಎಂದು ಬರೆದು, ಸೇವೆಗೆ ಸಂಬಂಧವಿಲ್ಲವೆಂದು ಅಂಗವೈಕಲ್ಯ ಪಿಂಚಣಿ ತಳ್ಳಿಹಾಕಿದರು. ಈಗೇನಾದರೂ ಮಾಡಬಹುದೇ?

ಎರಡು ಪ್ರಶ್ನೆಗಳನ್ನು ಬೇರ್ಪಡಿಸಿ. ಅಂಗವೈಕಲ್ಯ ಶೇಕಡಾ 20 ಅಥವಾ ಮೇಲಿರಬೇಕು, ಅದು ನಿಮಗಿದೆ. ಎರಡನೆಯದು, ಸೇವೆಯಿಂದ ಉಂಟಾಯಿತೇ ಅಥವಾ ಉಲ್ಬಣಿಸಿತೇ ಎಂಬುದು. ತಕರಾರು ಇಲ್ಲಿಯೇ. ಬಿಡುಗಡೆಯ ವೈದ್ಯಕೀಯ ಮಂಡಳಿಯ ವರದಿಯ ನಕಲನ್ನು ಮೊದಲು ತರಿಸಿಕೊಳ್ಳಿ, ಬೇಕಾದರೆ ಮಾಹಿತಿ ಹಕ್ಕಿನಡಿ. ಪೆಟ್ಟಾದಾಗಿನ ಗಾಯದ ವರದಿ ಅದರೊಂದಿಗೆ ಇದ್ದರೆ ಅರ್ಧ ಕೆಲಸ ಆದಂತೆ. ಮೊದಲ ಮೇಲ್ಮನವಿ, ಎರಡನೆಯ ಮೇಲ್ಮನವಿ, ನಂತರ ಸಶಸ್ತ್ರ ಪಡೆಗಳ ನ್ಯಾಯಮಂಡಳಿ. ಕರ್ನಾಟಕ ಕೊಚ್ಚಿ ಪೀಠದ ವ್ಯಾಪ್ತಿಯಲ್ಲಿದೆ. ಅವಧಿ ಪೂರೈಸಿ ನಿವೃತ್ತರಾದವರಿಗೂ ಶೇಕಡಾ 50ಕ್ಕಿಂತ ಕಡಿಮೆಯ ಅಂಗವೈಕಲ್ಯವನ್ನು 50 ಎಂದೇ ಎಣಿಸುವ ಲಾಭವನ್ನು ಸುಪ್ರೀಂ ಕೋರ್ಟ್ 2014ರ ಡಿಸೆಂಬರ್‌ನಲ್ಲಿ ಎತ್ತಿಹಿಡಿದಿದೆ. 2023ರ ಸೆಪ್ಟೆಂಬರ್ 21ರ ನಂತರ ಹೊರಬಂದವರಿಗೆ ಹೊಸ ನಿಯಮಗಳಿವೆ. ಅವರು ಹಳೆಯ ತೀರ್ಪನ್ನು ಹಿಡಿದು ಹೊರಡುವ ಮೊದಲು ವಕೀಲರಿಗೆ ತೋರಿಸಲಿ. ತಡಮಾಡಿದವರಿಗೆ ಗೆದ್ದರೂ ಹಿಂಬಾಕಿಯನ್ನು ಬಹಳ ಸಲ ಮೂರು ವರ್ಷಕ್ಕೆ ಮಿತಿಗೊಳಿಸಿದ್ದುಂಟು.

ಮಾಜಿ ಸೈನಿಕರಿಗೆ ಸರ್ಕಾರ ಜಮೀನು ಕೊಡುತ್ತದಂತೆ. ಅರ್ಜಿ ಹಾಕಿ ವರ್ಷಗಳಾದವು, ಉತ್ತರವಿಲ್ಲ.

ಕರ್ನಾಟಕ ಭೂ ಮಂಜೂರಾತಿ ನಿಯಮಗಳು, 1969ರಲ್ಲಿ ಸೈನಿಕರು ಮತ್ತು ಮಾಜಿ ಸೈನಿಕರಿಗೆ ಶೇಕಡಾ 10 ಮೀಸಲಿದೆ, ಆದಾಯ ಮಿತಿಯೊಂದಿಗೆ. ಆದರೆ ಹಂಚಲು ಜಮೀನಿರಬೇಕಲ್ಲ? ಜಿಲ್ಲೆಯ ಮುಕ್ಕಾಲು ಭಾಗಕ್ಕೂ ಹೆಚ್ಚು ಅರಣ್ಯ. ಉಳಿದದ್ದರಲ್ಲಿ ಗದ್ದೆ, ತೋಟ, ಬೆಟ್ಟ, ಊರು, ಹೆದ್ದಾರಿ, ರೈಲು, ಕೈಗಾ, ನೌಕಾನೆಲೆ. ಖಾಲಿ ಕಾಣುವ ಗುಡ್ಡವನ್ನು ತೋರಿಸಿ ‘ಇದನ್ನು ಕೊಡಿ’ ಎಂದು ಅರ್ಜಿ ಬರೆದರೆ, ಸರ್ವೆ ನಂಬರ್ ತೆಗೆದು ನೋಡಿದಾಗ ಅದು ಅರಣ್ಯ ಇಲಾಖೆಯ ಹೆಸರಿನಲ್ಲಿರುತ್ತದೆ. ಅರಣ್ಯಭೂಮಿಯನ್ನು ತಹಶೀಲ್ದಾರರು ಮಂಜೂರು ಮಾಡಲಾರರು. ಮೊದಲು ಗ್ರಾಮ ಆಡಳಿತ ಅಧಿಕಾರಿಯ (ಹಿಂದಿನ ಗ್ರಾಮ ಲೆಕ್ಕಾಧಿಕಾರಿ) ಬಳಿ ಆ ಸರ್ವೆ ನಂಬರಿನ ಪಹಣಿ ತೆಗೆಸಿ, ಕಂದಾಯ ಭೂಮಿ ಎಂದಿದ್ದರೆ ಮಾತ್ರ ಅದೇ ನಂಬರ್ ನಮೂದಿಸಿ ಅರ್ಜಿ ಕೊಡಿ, ಸ್ವೀಕೃತಿ ಪಡೆಯಿರಿ. ನಂಬರ್ ಇಲ್ಲದ ಅರ್ಜಿ ಕಡತದಲ್ಲೇ ಮಲಗುತ್ತದೆ. ಅರಣ್ಯದ ಜಾಗವನ್ನು ಮೊದಲು ಬೇಲಿ ಹಾಕಿಕೊಂಡು ಆಮೇಲೆ ಸಕ್ರಮ ಮಾಡಿಸಿಕೊಳ್ಳೋಣ ಎಂಬ ಸಲಹೆ ಶಿರಸಿ-ಸಿದ್ದಾಪುರದ ಕಡೆ ಧಾರಾಳವಾಗಿ ಸಿಗುತ್ತದೆ. ಅತಿಕ್ರಮಣದ ಪ್ರಕರಣ ದಾಖಲಾದರೆ ಮಾಜಿ ಸೈನಿಕರ ಗುರುತಿನ ಚೀಟಿ ಅಲ್ಲಿ ಕೆಲಸಕ್ಕೆ ಬರುವುದಿಲ್ಲ.